ಬುಟ್ಟಿಯೊಳಗಿನ ಬಾವಿಗಳು

ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಇಡುವ ಒಂದು ಕಾಗದದ ಬುಟ್ಟಿ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಬಾವಿಗಳು ಆ ಬುಟ್ಟಿಯಲ್ಲಿ ಅರೆದುಹೋಗಿವೆ. ಅರೆದವಳು ನಾನೇ. ಇದನ್ನು ಯಾರ ಮುಂದೆಯೂ ಪೂರ್ತಿ ಹೇಳಲು ಆಗಿಲ್ಲ, ಹೇಳಲು ಕೂತರೆ ಮಧ್ಯೆ ಯಾರಾದರೂ ಬಾಯಿ ಹಾಕುತ್ತಾರೆ. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಫೋನು ಬಾಯಿ ಹಾಕುವುದಿಲ್ಲ. ಒಂದೇ ಬೆರಳಿನಲ್ಲಿ ಒತ್ತುತ್ತೇನೆ, ಹಾಗಾಗಿ ಹೇಳುವುದು ನಿಧಾನ.

ನನ್ನ ಗಂಡ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ವರ್ಗದ ಮೇಲೆ ವರ್ಗ. ಮದುವೆಯಾದ ಹೊಸದರಲ್ಲಿ ಮುದ್ದೇಬಿಹಾಳದ ಕಡೆ, ಆಮೇಲೆ ಬಾಗೇವಾಡಿ, ಆಮೇಲೆ ಸಿಂದಗಿ, ಕೊನೆಗೆ ಇಂಡಿ. ಹೊಸ ಊರಿಗೆ ಹೋದ ದಿನ ನಾನು ಒಲೆ ಹೂಡಲು ಜಾಗ ಹುಡುಕಿದರೆ ಅವರು ಬಾವಿ ಹುಡುಕಿಕೊಂಡು ಹೋಗುತ್ತಿದ್ದರು. ಅಗರಖೇಡಕ್ಕೆ ವರ್ಗವಾದಾಗ ಸಾಮಾನು ತುಂಬಿದ ಬಂಡಿ ಬಾಗಿಲಲ್ಲಿ ನಿಂತಿದೆ, ಬಂಡಿಯವನು ಗೊಣಗುತ್ತಿದ್ದಾನೆ, ನನ್ನ ಕಂಕುಳಲ್ಲಿ ಕೂಸು. ಈ ಮನುಷ್ಯ ಯಾರದೋ ಹೊಲದ ಬಾವಿಯೊಳಗೆ ಇಳಿದು ಮೆಟ್ಟಿಲು ಎಣಿಸುತ್ತಿದ್ದಾರೆ. ಆ ಸಿಟ್ಟಿನಲ್ಲಿ ನಾನೊಂದು ಕೆಲಸ ಮಾಡಿದೆ. ಅದನ್ನು ಕೊನೆಗೆ ಹೇಳುತ್ತೇನೆ, ಈಗ ಹೇಳಿದರೆ ನೀವು ನನ್ನನ್ನು ನಂಬುವುದಿಲ್ಲ.

ನೋಡಿದ ಬಾವಿಯನ್ನೆಲ್ಲ ಅವರು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಯಾರ ಹೊಲ, ಯಾರು ತೋಡಿಸಿದ್ದು, ಎಷ್ಟು ಮಾರು ಆಳ, ಬೇಸಿಗೆಯಲ್ಲಿ ನೀರು ಯಾವ ಮೆಟ್ಟಿಲಿಗೆ ಇಳಿಯುತ್ತದೆ, ಸಿಹಿಯೋ ಸವುಳೋ. ಪ್ರತಿ ಬಾವಿಯ ಕೊನೆಯ ಸಾಲು ಮಾತ್ರ ನನ್ನದು. ಬಾವಿಯ ನೀರನ್ನು ಕೊಡದಲ್ಲಿ ತಂದು ನನ್ನ ಮುಂದೆ ಇಡುವರು. ಆ ನೀರಿನಲ್ಲಿ ನಾನು ತೊಗರಿಬೇಳೆ ಬೇಯಿಸಿ ನೋಡಬೇಕು. ಗಡಸು ನೀರಾದರೆ ಎಷ್ಟು ಕುದಿಸಿದರೂ ಬೇಳೆ ಕಾಳುಕಾಳಾಗಿಯೇ ಉಳಿಯುತ್ತದೆ. ನಾನು ಹೇಳಿದ್ದನ್ನು ಅವರು ಬರೆದುಕೊಳ್ಳುವರು: ‘ಬೇಳೆ ಬೇಯುತ್ತದೆ’ ಅಥವಾ ‘ಬೇಳೆ ಬೇಯುವುದಿಲ್ಲ’. ನಾನು ನಾಲ್ಕನೇ ಇಯತ್ತೆ ಓದಿದವಳು. ಮಾಸ್ತರರ ಬರಹದಲ್ಲಿ ನನ್ನದೂ ಒಂದು ಸಾಲು ಇದೆಯೆಂದು ನನಗೆ ಬಹಳ ಸೊಕ್ಕಿತ್ತು.

ನಿವೃತ್ತಿಯಾದ ಮೇಲೆ ಇಂಡಿಯಲ್ಲೇ ಮನೆ ಮಾಡಿದೆವು. ಅಷ್ಟರಲ್ಲಿ ಹದಿನೇಳು ನೋಟ್‌ಬುಕ್ಕು ತುಂಬಿದ್ದವು. ಎಲ್ಲ ಕಡೆ ಬೋರು ಬಂದು ಬಾವಿಗಳನ್ನು ಮುಚ್ಚುತ್ತಿದ್ದರು. ಇವನ್ನೆಲ್ಲ ಪುಸ್ತಕ ಮಾಡಬೇಕೆಂದು ಅವರು ಒಂದು ಕಂಪ್ಯೂಟರ್ ತಂದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ನಮ್ಮ ಓಣಿಗೆ ಅದೇ ಮೊದಲ ಕಂಪ್ಯೂಟರ್. ನೋಡಲು ಬಂದವರಿಗೆ ಚಹಾ ಮಾಡಿ ಮಾಡಿ ನನಗೆ ಸಾಕಾಯಿತು. ಅದರಲ್ಲಿ ಕನ್ನಡ ಬರೆಯಲು ಒಂದು ಸಾಫ್ಟ್‌ವೇರ್ ಹಾಕಿಸಿದರು. ಯಂತ್ರದ ಬೆನ್ನಿಗೆ ಹೆಬ್ಬೆರಳಿನಷ್ಟು ದೊಡ್ಡ ತುಂಡೊಂದನ್ನು ಸಿಕ್ಕಿಸಬೇಕು. ಅದು ಇದ್ದರೆ ಕನ್ನಡ ತೆರೆಯುತ್ತದೆ, ಕಿತ್ತರೆ ಇಲ್ಲ. ಮಾರಿದವರು ಅದನ್ನು ಕೀಲಿ ಎಂದು ಕರೆದರು. ಎರಡು ವರ್ಷ ಅವರು ಎರಡೇ ಬೆರಳಿನಲ್ಲಿ ಬಾವಿಗಳನ್ನು ಒತ್ತುತ್ತಾ ಕೂತರು.

ಅದೇ ಎರಡು ವರ್ಷದಲ್ಲಿ ಅವರು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು ಶುರುವಾಯಿತು. ಪಕ್ಕದಲ್ಲಿಟ್ಟ ಚಹಾದ ಬಟ್ಟಲು ಕೈತಾಗಿ ಉರುಳುವುದು. ನಾನು ಬೈಯುತ್ತಿದ್ದೆ. ಬಿಜಾಪುರದ ಕಣ್ಣಿನ ಡಾಕ್ಟರರು ನೋಡಿ, ಕಣ್ಣೊಳಗೆ ಒತ್ತಡ ಹೆಚ್ಚಾಗಿದೆ, ಬದಿಯ ನೋಟ ಆಗಲೇ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಆದಷ್ಟು ದಿನ ಹಿಡಿದಿಡಬಹುದು ಎಂದರು. ಬಸ್ಸಿನಲ್ಲಿ ಬರುವಾಗ ನಾನು ಕೇಳಿದೆ.

“ಹೆಂಗ ಕಾಣತೈತ್ರಿ ಈಗ?”

“ಬಾವ್ಯಾಗ ಇಳದು ಮ್ಯಾಲ ನೋಡಿದ್ರ ಕಾಣತೈತಲ್ಲ, ದುಂಡಗ ಒಂದ್ ಆಕಾಶ. ಹಂಗ.”

ಬಸ್ಸು ಝಳಕಿ ದಾಟಿತು. ಅವರೇ ಮತ್ತೆ ಹೇಳಿದರು: “ಪುಸ್ತಕ ಅಚ್ಚಿಗೆ ಕೊಡೂಕಿಂತ ಮೊದಲ ನಾ ಒಮ್ಮೆ ಪೂರ್ತಿ ಓದಬೇಕು. ಬಾವಿ ನೋಡಿದ ಕಣ್ಣ ಇವ. ಇವ ಓದಿ ಹೂಂ ಅನ್ನಬೇಕು.”

ಅವರ ಆಸೆ ಅದೊಂದೇ. ಪ್ರೆಸ್ಸಿನ ಚಿಂತೆ ಇರಲಿಲ್ಲ, ಮುದ್ದೇಬಿಹಾಳದಲ್ಲಿ ಅವರ ಹಳೆಯ ಶಿಷ್ಯನೊಬ್ಬ ಪ್ರೆಸ್ ಇಟ್ಟಿದ್ದ, ‘ಯಾವಾಗ ಕೊಟ್ಟರೂ ಅಚ್ಚು ಹಾಕ್ತೇನ್ರಿ ಸರ್’ ಎಂದಿದ್ದ. ಬೇಕಾದದ್ದು ಕಣ್ಣಿನ ದಿನಗಳು.

ಒತ್ತುವುದು ಮುಗಿದ ದಿನ ಅವರು ಎಲ್ಲವನ್ನೂ ಒಂದು ಸಿ.ಡಿ.ಯಲ್ಲಿ ಹಾಕಿಸಿ ತಂದು, ಕನ್ನಡಿಯಂತೆ ಹಿಡಿದು ನನಗೆ ತೋರಿಸಿದರು. “ಹದಿನೇಳು ನೋಟ್‌ಬುಕ್ಕ ಇದರಾಗ ಐತಿ. ಇನ್ನ ಆ ರದ್ದಿ ಏನರ ಮಾಡ್ಕೋ” ಎಂದು ನಕ್ಕರು.

ನಮ್ಮ ಕಡೆ ಹೆಂಗಸರ ಮುಂದೆ ರದ್ದಿ ಎಂಬ ಮಾತನ್ನು ಹುಷಾರಾಗಿ ಆಡಬೇಕು. ನಾವು ರದ್ದಿ ಕಾಗದವನ್ನು ಎಸೆಯುವವರಲ್ಲ. ನಾಲ್ಕೈದು ದಿನ ನೀರಲ್ಲಿ ನೆನೆಹಾಕಿ, ಮೆಂತ್ಯದ ಕಾಳು ಸೇರಿಸಿ, ಒರಳಿನಲ್ಲಿ ಬೆಣ್ಣೆಯಂತೆ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಬಡಿದು ಬಿಸಿಲಿಗಿಟ್ಟರೆ ಬುಟ್ಟಿ. ಹಿಟ್ಟಿಗೊಂದು, ರೊಟ್ಟಿಗೊಂದು. ಹದಿನೇಳು ನೋಟ್‌ಬುಕ್ಕು, ಗಟ್ಟಿ ಕಾಗದ. ಎರಡು ವರ್ಷದಿಂದ ನನ್ನ ಕಣ್ಣು ಅವುಗಳ ಮೇಲಿತ್ತು ಎಂದು ಸುಳ್ಳಿಲ್ಲದೆ ಹೇಳುತ್ತೇನೆ. ಅವರು ಮತ್ತೊಮ್ಮೆ ಕಣ್ಣು ತೋರಿಸಲು ಗೆಳೆಯನ ಜೊತೆ ಬಿಜಾಪುರಕ್ಕೆ ಹೋಗಿ ಅಲ್ಲೇ ವಾರ ನಿಂತರು. ಬರುವಷ್ಟರಲ್ಲಿ ಮಾಳಿಗೆಯ ಮೇಲೆ ಆರು ಬುಟ್ಟಿ ಒಣಗುತ್ತಿದ್ದವು.

ಅವರು ಮೆಟ್ಟಿಲು ತಡವುತ್ತಾ ಮೇಲೆ ಬಂದು ಒಂದು ಬುಟ್ಟಿಯನ್ನು ಬೆರಳಿನಿಂದ ಟಕಟಕ ಬಡಿದು ನೋಡಿದರು.

“ಇದು ಯಾವ ತಾಲೂಕು?”

“ಎಲ್ಲಾ ಕೂಡಿ ಕುಟ್ಟೇನ್ರಿ.”

“ನೀರಾಗಿಂದ ಬಂದಿದ್ವು, ನೀರಾಗ ಹ್ವಾದ್ವು, ಬಿಡು” ಎಂದು ನಕ್ಕರು. ಸಿ.ಡಿ. ಇತ್ತಲ್ಲ, ಆಗ ಇಬ್ಬರೂ ನಕ್ಕೆವು.

ಐದು ಬುಟ್ಟಿಗಳನ್ನು ಬಳಗಕ್ಕೆಲ್ಲ ಹಂಚಿದೆ. ಒಂದು ನಮ್ಮ ಹಿತ್ತಲಿಗೆ ತಾಗಿದ ಮನೆಯ ಚಾಚಿಗೆ, ಒಂದು ಸಿಂದಗಿಯ ಬೀಗತಿಗೆ, ಹೀಗೆ. ಎಲ್ಲಕ್ಕಿಂತ ಚಂದದ್ದನ್ನು ಬಾಗೇವಾಡಿಯ ನಾದಿನಿಗೆ ಕೊಟ್ಟೆ. ಆಕೆ ಹೆಸರಿಡುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಬುಟ್ಟಿಯ ಒಳಮೈಗೆ ಹುಣಸೆಬೀಜದ ಅಂಟಿನಿಂದ ನೋಟ್‌ಬುಕ್ಕಿನ ಹಾಳೆಗಳನ್ನು ಹಾಗೇ, ಕುಟ್ಟದೆ, ಸಾಲು ಸಾಲಾಗಿ ಅಂಟಿಸಿದ್ದೆ. ಅವರ ಅಕ್ಷರ ಮುತ್ತಿನಂತಿತ್ತು. ಒಳಗೆ ನೋಡಿದರೆ ಕಣ್ಣು ತುಂಬುವಂತಿತ್ತು.

ಆ ವೈಶಾಖದ ಅಡ್ಡಮಳೆಯಲ್ಲಿ ಮಧ್ಯಾಹ್ನ ಸಿಡಿಲು ನಮ್ಮ ಓಣಿಯ ಕಂಬಕ್ಕೆ ಬಡಿಯಿತು. ಮನೆಯ ಬಲ್ಬು, ಫ್ಯಾನು, ಕಂಪ್ಯೂಟರ್, ಅದರ ಬೆನ್ನಿನ ಕೀಲಿ, ಎಲ್ಲ ಸುಟ್ಟವು. ಬಿಸ್ಕೀಟಿನ ಡಬ್ಬಿಯಲ್ಲಿಟ್ಟಿದ್ದ ಸಿ.ಡಿ. ಮಾತ್ರ ಉಳಿಯಿತು. ಅದನ್ನು ಹಿಡಿದು ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆವು. ತೆರೆದರು. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಪ್ರಶ್ನೆಚಿಹ್ನೆ, ಚೌಕದ ಮೇಲೆ ಚೌಕ. ಒಂದೂ ಬಾವಿ ಇಲ್ಲ. ಆ ಸಾಫ್ಟ್‌ವೇರೂ ಅದರ ಕೀಲಿಯೂ ಬೇಕು ಎಂದರು. ಕೀಲಿ ಮಾರಿದವರಿಗೆ ಫೋನ್ ಮಾಡಿದರೆ ಆ ಕಂಪನಿಯೇ ಮುಚ್ಚಿಹೋಗಿತ್ತು.

ನನ್ನ ಗಂಡ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ತಿರುಗಿ ನಾಲ್ಕು ಅಂದು ಹಗುರಾಗುತ್ತಿದ್ದೆ.

ಮಳೆಗಾಲ ಹಿಡಿಯುವಾಗ ಮಗಳು ಬಾಣಂತನಕ್ಕೆ ಬಂದಳು. ಅವಳನ್ನು ಸಿಂದಗಿಗೆ ಕೊಟ್ಟಿದ್ದೆವು. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಏಳು ತಿಂಗಳ ಹೊಟ್ಟೆ, ಕುಬಸದ ಸೀರೆ, ಕೈತುಂಬ ಹಸಿರು ಬಳೆ, ಹಿಂದಿನಿಂದ ಅಳಿಯ ಒಂದು ಕಂಪ್ಯೂಟರ್ ಹೊತ್ತು ತರುತ್ತಿದ್ದಾನೆ. ಅದನ್ನು ಹಚ್ಚಿದರೆ ಹೊಟ್ಟೆ ಬಿಳಿ, ಬೆನ್ನು ಕಪ್ಪು ಇರುವ ಹಕ್ಕಿಯೊಂದರ ಚಿತ್ರ ಬರುತ್ತಿತ್ತು.

“ಇದ್ಯಾವ ಬಾತುಕೋಳಿ?” ಎಂದೆ.

“ಪೆಂಗ್ವಿನ್ ಅವ್ವಾ. ಈ ಕಂಪ್ಯೂಟರಿನಾಗ ಇರೂ ಎಲ್ಲಾನೂ ಮಂದಿ ಕೂಡಿ ಮಾಡ್ಯಾರ. ಯಾರರ ತಗೋಬಹುದು, ಒಳಗ ಹೆಂಗ ಮಾಡ್ಯಾರ ನೋಡಬಹುದು, ತಪ್ಪಿದ್ರ ತಿದ್ದಬಹುದು.”

“ಪುಕ್ಕಟೆ?”

“ಪುಕ್ಕಟೆ.”

“ಪುಕ್ಕಟೆ ಕೊಡೂ ಮಂದಿ ಆಮ್ಯಾಲ ಏನರ ಕೇಳಾಕ ಬರ್ತಾರ, ನೋಡ್ಕೊ” ಎಂದೆ. ಆ ಮಾತು ಅರ್ಧ ನಿಜವಾಯಿತು.

ಸಿ.ಡಿ. ನೋಡಿ ಅವಳು ಹೇಳಿದ್ದು ಹೀಗೆ. ಬಾವಿಗಳು ಒಳಗೆ ಇವೆ. ಆ ಕಂಪನಿಯವರು ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ ಅವರ ಹತ್ತಿರ ಮಾತ್ರ ಇತ್ತು. ನನಗೆ ತಿಳಿಯಲಿಲ್ಲ.

“ದನದ ಪ್ಯಾಟ್ಯಾಗ ಟವೆಲ್ ಬುಡಕ ಬೆರಳ ಹಿಡದು ರೇಟು ಹೇಳ್ತಾರಲ್ಲ ಅವ್ವಾ? ಹಿಡದವರಿಬ್ಬರಿಗೆ ಗೊತ್ತು, ಸುತ್ತ ನಿಂತವರಿಗೆ ಇಲ್ಲ. ಹಂಗ. ಆ ಟವೆಲ್ ತೆಗಿಬೇಕೀಗ.”

ಅವಳು ಒಂದು ಗುಂಪಿಗೆ ಕಾಗದ ಬರೆದಳು, ಫೋನಿನ ತಂತಿಯ ಮೂಲಕ. ಕನ್ನಡಕ್ಕೆ ಪುಕ್ಕಟೆ ಸಾಫ್ಟ್‌ವೇರ್ ಮಾಡುವವರ ಗುಂಪು ಅದು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಕರಾವಳಿಯ ಬ್ಯಾಂಕಿನವರೊಬ್ಬರು, ಚಡಚಣದ ಕಡೆ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು, ಕನ್ನಡವೇ ಬಾರದ ಪರದೇಶದ ಒಬ್ಬ. ಫೋನು ಹಗಲೆಲ್ಲ ಎಂಗೇಜ್. ಬಳಗದವರು ಸಿಕ್ಕಾಗ “ನಿಮ್ಮ ಮನ್ಯಾಗ ಯಾರ ಜೋಡಿ ಅಷ್ಟೊತ್ತು ಮಾತಾಡ್ತೀರಿ?” ಎಂದು ಕೇಳುತ್ತಿದ್ದರು. ಪರದೇಶದವನ ಜೋಡಿ ಎನ್ನುತ್ತಿದ್ದೆ. ಅವರ ಮುಖ ನೋಡುವಂತಿರುತ್ತಿತ್ತು.

ಕನ್ನಡ ಬಾರದ ಆ ಪರದೇಶದವನೇ ಮೊದಲ ಗಂಟು ಬಿಚ್ಚಿದ. ಪ್ರತಿ ಬಾವಿಯ ಕೊನೆಗೆ ಎರಡರಲ್ಲಿ ಒಂದು ಸಾಲು ಬಂದೇ ಬರುತ್ತದೆ, ಒಂದು ಗಿಡ್ಡ, ಒಂದು ಉದ್ದ, ಅದೇನು ಎಂದು ಕೇಳಿದ್ದ. ಮಗಳು ಓದಿ ಹೇಳಿದಾಗ ನನ್ನ ಗಂಡ ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಅದು ನಿಮ್ಮವ್ವನ ಸಾಲು. ಬೇಳಿದು.”

ಬೇಳೆಯಿಂದ ಎಂಟು ಹತ್ತು ಅಕ್ಷರ ಸಿಕ್ಕವು. ಎಲ್ಲರೂ ನನ್ನನ್ನು ಹೊಗಳಿದರು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ.

ಉಳಿದ ಅಕ್ಷರಗಳಿಗೆ, ಒತ್ತಕ್ಷರಗಳಿಗೆ, ಗೊತ್ತಿರುವ ಬರಹ ಬೇಕಿತ್ತು. “ನೋಟ್‌ಬುಕ್ಕಿಂದ ಒಂದ್ ಹತ್ತ ಹಾಳಿ ಇದ್ರ ಸಾಕು. ಅದನ್ನ, ಇದನ್ನ, ಬಾಜೂಕ ಇಟ್ಟು ಹೊಂದಸ್ತೇನಿ” ಎಂದಳು ಮಗಳು. ಅಪ್ಪನಿಗೆ ನೆನಪಿನಿಂದ ಹೇಳಿಸಿದಳು. ಅವರು ಒಂದೇ ಬಾವಿಯನ್ನು ಸೋಮವಾರ ಒಂದು ಥರ, ಗುರುವಾರ ಇನ್ನೊಂದು ಥರ ಹೇಳುತ್ತಿದ್ದರು. ಪ್ರತಿ ಸಲ ಹೊಸ ಆಮೆ, ಹೊಸ ಆಲದ ಬೇರು ಸೇರಿಕೊಳ್ಳುತ್ತಿದ್ದವು. ಬರೆದದ್ದಕ್ಕೆ ಒಂದೂ ಹೊಂದಲಿಲ್ಲ.

“ಅವ್ವಾ, ಒಂದ್ ಹಾಳೀನೂ ಉಳದಿಲ್ಲೇನು?”

“ಎಲ್ಲಾ ಕುಟ್ಟೇನಿ” ಎಂದೆ.

ಹಾಗೆ ಹೇಳುವಾಗ ನನಗೆ ಬಾಗೇವಾಡಿಯ ಬುಟ್ಟಿ ಕಣ್ಣಮುಂದೆಯೇ ಇತ್ತು. ಮನೆಯ ಹೆಣ್ಣುಮಗಳಿಗೆ ಕೊಟ್ಟದ್ದನ್ನು ತಿರುಗಿ ಕೇಳಬಾರದು, ನಮ್ಮಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ಕೇಳಿದರೆ ನಾದಿನಿ ಸಾಯುವವರೆಗೂ ಆಡಿಕೊಳ್ಳುತ್ತಾಳೆ. ಅದರ ಮೇಲೆ, ಅಣ್ಣನ ಕಣ್ಣಿನ ಸಂಗತಿ ಆಕೆಗೆ ಹೇಳಬೇಡವೆಂದು ನನ್ನ ಗಂಡ ಆಣೆ ಹಾಕಿದ್ದರು. ಇಂದು ಹೇಳೋಣ, ನಾಳೆ ಹೇಳೋಣ ಎಂದು ನಾನು ಎರಡು ತಿಂಗಳು ಬಾಯಿಬಿಡಲಿಲ್ಲ. ಒಂದು ಬುಟ್ಟಿಗಾಗಿ, ಒಂದು ಮರ್ಯಾದೆಗಾಗಿ, ಎರಡು ತಿಂಗಳು.

ಆ ಎರಡು ತಿಂಗಳಲ್ಲಿ ಅವರು ದಿನಾ ಬೆಳಗ್ಗೆ ಹಿತ್ತಲಿನ ಲಿಂಬೆಗಿಡದ ಮುಂದೆ ಒಂದೇ ಜಾಗದಲ್ಲಿ ನಿಂತು ಕಣ್ಣಿನ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಮೊದಲು ಇಡೀ ಗಿಡ ಕಾಣುತ್ತಿತ್ತು. ಆಮೇಲೆ ಒಂದು ಟೊಂಗೆ. ಹೆರಿಗೆಯ ಹೊತ್ತಿಗೆ ನಾಲ್ಕು ಕಾಯಿ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವರು ಎಣಿಸುವುದು ತುಟಿಯಲ್ಲಿ ಕಾಣುತ್ತಿತ್ತು.

ಮೊಮ್ಮಗಳು ಹುಟ್ಟಿದಳು. ಹನ್ನೆರಡನೆಯ ದಿನ, ಬಾಣಂತಿಗೆ ಎಣ್ಣೆ ನೀರು ಹಾಕಿ, ತಲೆಗೆ ಅರಿವೆ ಸುತ್ತಿ, ಲೋಬಾನದ ಹೊಗೆ ಕೊಟ್ಟು ಮಲಗಿಸಿ ಹೊರಗೆ ಬಂದೆ. ತಿರುಗಿ ನೋಡಿದರೆ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ.

“ಬಾಣಂತಿ ಕಣ್ಣ ಹಸೀ ಇರ್ತಾವ. ಆ ಬಾತುಕೋಳಿ ಮುಂದ ಕುಂದ್ರಬ್ಯಾಡ. ಒಂದ ಮನ್ಯಾಗ ಎರಡ ಮಂದಿ ಕಣ್ಣ ಕಳಕೋಬೇಕೇನು?”

ಅವಳು ತಿರುಗದೆಯೇ ಹೇಳಿದಳು: “ಅಪ್ಪ ನಿನ್ನೆ ಕೂಸಿನ ಮುಖ ನೋಡಾಕ ಎಷ್ಟೊತ್ತು ತಗೊಂಡ, ನೋಡಿದೇನು? ಮೊದಲ ಮೂಗ ಹುಡಕಿದ, ಆಮ್ಯಾಲ ಕಣ್ಣ.”

ನಾನು ಆ ದಿನವೇ ಚಾಚಿಯನ್ನು ಬಾಣಂತಿಯ ಹತ್ತಿರ ಕೂಡಿಸಿ ಬಾಗೇವಾಡಿಯ ಬಸ್ಸು ಹತ್ತಿದೆ.

ನಾದಿನಿ ಬಾಗಿಲಲ್ಲೇ ಶುರು ಮಾಡಿದಳು. “ಬಾಣಂತೀನ ಬಿಟ್ಟು ಬಂದೀರಿ ವೈನಿ, ಪೇಡೆ ತಂದೀರೇನು?”

“ಬುಟ್ಟಿ ಒಯ್ಯಾಕ ಬಂದೇನಿ.”

ಆಕೆ ಸೊಂಟದ ಮೇಲೆ ಕೈ ಇಟ್ಟಳು. “ಕೊಟ್ಟದ್ದ ಕಸಗೊಳ್ಳಾಕ ಇಷ್ಟ ದೂರ ಬಂದ್ರಿ? ನಮ್ಮ ಮನಿ ರೊಟ್ಟಿ ಅದರಾಗನ ಮೆತ್ತಗ ಇರ್ತಾವ. ಕೊಡಂಗಿಲ್ಲ ನಾ. ನಮ್ಮಣ್ಣನ ಅಕ್ಷರ ಐತಿ ಅದರಾಗ, ರೊಟ್ಟಿ ಖಾಲಿ ಆದಾಗೊಮ್ಮೆ ಓದ್ತೇನಿ.”

ನಾನು ಆಣೆ ಮುರಿದು ಹೇಳಿದೆ. ಕಣ್ಣಿನದು, ಸಿಡಿಲಿನದು, ಎರಡು ತಿಂಗಳಿನದು. ಆಕೆ ಕೇಳುತ್ತಾ ಕೇಳುತ್ತಾ ಕೈ ಇಳಿಸಿದಳು. ಒಳಗೆ ಹೋಗಿ ರೊಟ್ಟಿಗಳನ್ನು ಅರಿವೆಗೆ ಸುರಿದು, ಬುಟ್ಟಿಯನ್ನು ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟಳು. ಬಸ್ಸಿಗೆ ಹತ್ತುವವರೆಗೂ ಬಂದಳು. ಕಿಟಕಿಯಲ್ಲಿ ಒಂದೇ ಮಾತು ಅಂದಳು: “ಆವಾಗ ಹೇಳಿದ್ರ ಆವಾಗ ಕೊಡ್ತಿದ್ದೆ ವೈನಿ.”

ತಿರುಗಿ ಬರುವಾಗ ಬುಟ್ಟಿಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ತಳದ ಹಾಳೆಗಳು ತಿಕ್ಕಿ ತಿಕ್ಕಿ ಹೋಗಿದ್ದವು. ಬದಿಯವು ಎಣ್ಣೆ ಕುಡಿದು ಹಳದಿಯಾಗಿದ್ದರೂ ಓದಲು ಬರುತ್ತಿದ್ದವು. ಮರುದಿನ ಬಂದವರೆಲ್ಲ ನೋಡಿದ್ದು ಇದನ್ನು: ತಲೆಗೆ ಅರಿವೆ ಸುತ್ತಿದ ಬಾಣಂತಿ ಬುಟ್ಟಿಯೊಳಗೆ ತಲೆ ಹಾಕಿ ಗಟ್ಟಿಯಾಗಿ ಓದುತ್ತಿದ್ದಾಳೆ, ಪಕ್ಕದಲ್ಲಿ ಮಾಸ್ತರರು ಅಳಿಸಿಹೋದ ಅಕ್ಷರ ಹೇಳುತ್ತಿದ್ದಾರೆ, ತೊಟ್ಟಿಲಲ್ಲಿ ಕೂಸು ಅಳುತ್ತಿದೆ. ಚಾಚಿ ಕೂಸನ್ನು ಎತ್ತಿಕೊಂಡು, “ಇಕಿಗೆ ದೃಷ್ಟಿ ಆಗೇತ್ರೀ, ಮೆಣಸಿನಕಾಯಿ ಇಳಸ್ರೀ” ಎಂದು ನನಗೆ ಹೇಳಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಇಷ್ಟಾದರೂ ಮುಗಿಯಲಿಲ್ಲ. ಮಗಳ ಯಂತ್ರದಲ್ಲಿ ಅಕ್ಷರ ಬಂದವು, ಆದರೆ ಒತ್ತಕ್ಷರಗಳು ಕೆಳಗೆ ಕೂರದೆ ಬದಿಗೆ ಸಿಡಿದು ನಿಲ್ಲುತ್ತಿದ್ದವು. ಅಪ್ಪನಿಗೆ ಓದಲು ಅಳಿಯ ಬೇರೆ ಜಾತಿಯ ಕಂಪ್ಯೂಟರ್ ತಂದುಕೊಟ್ಟಿದ್ದ. ಅದರಲ್ಲಿ ಕನ್ನಡ ಚಂದ ಕಾಣುತ್ತಿತ್ತು, ಆದರೆ ಮಗಳ ಪ್ರೋಗ್ರಾಂ ನಡೆಯುತ್ತಿರಲಿಲ್ಲ. ಮುದ್ದೇಬಿಹಾಳದ ಪ್ರೆಸ್ಸಿನಲ್ಲಿ ಮೂರನೇ ಜಾತಿಯದು. ಮೂರರಲ್ಲೂ ನಡೆಯುವಂತೆ ಮಾಡಬೇಕೆಂದು ಅವಳು ಹಟ ಹಿಡಿದಳು. ಪರದೇಶದವನೂ ಕೈ ಹಚ್ಚಿದ. ಅಷ್ಟರಲ್ಲಿ ಚಡಚಣದ ಹೆಣ್ಣುಮಗಳು ತನ್ನ ಪ್ರೆಸ್ಸಿನ ಹಳೆಯ ಕಡತಗಳನ್ನೂ ಕಳಿಸಿದಳು, ಅವಕ್ಕೂ ಇದೇ ರೋಗ. ಮಗಳು ಅವನ್ನೂ ಹಚ್ಚಿಕೊಂಡು ಕೂತಳು. ನನಗೆ ತಡೆಯಲಾಗಲಿಲ್ಲ.

“ಮೊದಲ ನಿಮ್ಮಪ್ಪಂದು ಮಾಡು. ಊರ ಮಂದೀದು ಆಮ್ಯಾಲ.”

“ಊರ ಮಂದಿ ಕೈ ಹಚ್ಯಾರಂತನ ಅಪ್ಪಂದು ಇಲ್ಲೀತನ ಬಂದೈತಿ ಅವ್ವಾ. ಆಕೀ ಕಡತದಾಗ ನಮ್ಮ ಬುಟ್ಟ್ಯಾಗ ಇಲ್ಲದ ಒತ್ತಕ್ಷರ ಅದಾವ. ಆಕೀದು ಬಿಟ್ರ ಅಪ್ಪಂದೂ ಅರ್ಧಾನ.”

ಅವಳು ಹೇಳಿದ್ದು ಸರಿಯಿತ್ತು. ಸರಿಯಿದ್ದರೂ ದಿನ ಹೋಗುತ್ತಿದ್ದವು. ಲಿಂಬೆಗಿಡದ ಮುಂದೆ ನಾಲ್ಕು ಕಾಯಿ ಎರಡಾದವು. ಯಾರನ್ನು ಬೈಯಬೇಕೆಂದು ಹುಡುಕಿದರೆ ನನ್ನ ಎರಡು ತಿಂಗಳೇ ಎದುರಿಗೆ ಬರುತ್ತಿತ್ತು. ಖಾರದ ಡಬ್ಬಿಯಲ್ಲಿ ಉಪ್ಪು, ಉಪ್ಪಿನದರಲ್ಲಿ ಖಾರ ಹಾಕುವಷ್ಟು ನನ್ನ ತಲೆ ಕೆಟ್ಟಿತ್ತು.

ಕೂಸಿಗೆ ಮೂರು ತಿಂಗಳಾದಾಗ ಒಂದು ಬೆಳಗ್ಗೆ ಬಾವಿಗಳು ತೆರೆದವು. ಅಳಿಯ ತಂದ ಕಂಪ್ಯೂಟರಿನಲ್ಲಿ, ಸರಿಯಾದ ಕನ್ನಡದಲ್ಲಿ. ಮಗಳು ಅಕ್ಷರಗಳನ್ನು ಕೈಬೆರಳಿನಷ್ಟು ದೊಡ್ಡದು ಮಾಡಿದಳು. ನನ್ನ ಗಂಡ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ಕೂತರು. ಪರದೆಯ ಮೇಲೆ ಮೂಗು ತಾಗುವಂತೆ ಬಾಗಿ, ಒಂದೊಂದೇ ಅಕ್ಷರ ಹಿಡಿದು ಓದಿದರು. ಮುದ್ದೇಬಿಹಾಳದ ಮೊದಲ ಬಾವಿ ಮುಗಿಸಲು ಬೆಳಗಿನ ಹೊತ್ತೆಲ್ಲ ಹಿಡಿಯಿತು. ಮುಗಿಸಿ “ಹೂಂ” ಎಂದರು.

ಹೀಗೆ ಹನ್ನೊಂದು ಬಾವಿ ಓದಿದರು. ಹನ್ನೆರಡನೆಯದರ ನಡುವೆ ಚಷ್ಮಾ ತೆಗೆದು ಟೇಬಲ್ಲಿನ ಮೇಲಿಟ್ಟರು. ಒರೆಸಿಕೊಳ್ಳುತ್ತಾರೆಂದು ನಾನು ಸೆರಗು ಕೊಡಲು ಹೋದೆ. ಬೇಡವೆಂದು ಕೈಯಾಡಿಸಿದರು. ಇನ್ನೂ ಹದಿನಾರೂವರೆ ನೋಟ್‌ಬುಕ್ಕು ಬಾಕಿ ಇತ್ತು.

ಉಳಿದದ್ದನ್ನು ನಾನು ಓದಿದೆ. ಮಗಳು ಸಿಂದಗಿಗೆ ಹೋದ ಮೇಲೆ ನಾಲ್ಕನೇ ಇಯತ್ತೆಯವಳ ಮೇಲೆ ಆ ಕೆಲಸ ಬಿತ್ತು. ನಾನು ಎಡವುತ್ತಾ ಓದುವುದು, ಅವರು ಕಣ್ಣುಮುಚ್ಚಿ ಕೇಳಿ “ಹೂಂ” ಎನ್ನುವುದು. ತಿದ್ದುವುದಿದ್ದರೆ ನಾನು ಕಾಗದದಲ್ಲಿ ಗುರುತು ಹಾಕಿಡಬೇಕು, ಮಗಳು ಬಂದಾಗ ಸೇರಿಸುತ್ತಾಳೆ. ಬಾಗೇವಾಡಿ ಮುಗಿಯಿತು, ಸಿಂದಗಿ ಮುಗಿಯಿತು, ಇಂಡಿ ತಾಲೂಕು ಬಂತು. ಒಂದು ದಿನ, ಮಗಳು ಕೂಸಿನೊಂದಿಗೆ ಬಂದಿದ್ದಾಗಲೇ, ಅಗರಖೇಡದ ಆ ಬಾವಿ ಬಂತು. ನಾನು ಓದುತ್ತಾ ಬಂದು ಕೊನೆಯ ಸಾಲಿನಲ್ಲಿ “ಬೇಳೆ ಬೇಯುತ್ತದೆ” ಎಂದೆ.

“ಹಂಗ ಬರದಿಲ್ಲ ಅಲ್ಲಿ” ಎಂದರು ಕಣ್ಣುಮುಚ್ಚಿಕೊಂಡೇ. “ಬರದದ್ದ ಓದು.”

ಬರೆದಿದ್ದದ್ದು ‘ಬೇಯುವುದಿಲ್ಲ’ ಎಂದು. ಬಂಡಿ ಬಾಗಿಲಲ್ಲಿ ನಿಂತಿದ್ದ ಆ ದಿನ, ಅವರು ತಂದ ನೀರನ್ನು ನಾನು ಅಂಗಳಕ್ಕೆ ಚೆಲ್ಲಿದ್ದೆ. ಬೇಳೆ ಹಾಕಿರಲೇ ಇಲ್ಲ. ಬೇಯುವುದಿಲ್ಲ ಎಂದು ಹೇಳಿ ಮಲಗಿದ್ದೆ. ಈಗ ಹೇಳಿದೆ, ಮಗಳ ಮುಂದೆಯೇ.

“ಗೊತ್ತೈತಿ” ಎಂದರು. “ಆ ಹೊಲದವ್ರು ದಿನಾ ಅದ ನೀರಾಗ ಬೇಳಿ ಕುದಸ್ತಿದ್ರು. ಮರುದಿನನ ಹೇಳಿದ್ರು ನನಗ.”

“ಮತ್ತ ಯಾಕ ತಿದ್ದಲಿಲ್ಲ್ರಿ?”

“ಆ ಸಾಲು ನಿಂದು. ನಾ ಹೆಂಗ ಕೈ ಹಾಕ್ಲಿ ಅದಕ್ಕ?”

ಮಗಳು ಕೀಲಿಮಣೆ ಹತ್ತಿರ ಎಳೆದುಕೊಂಡಳು. “ಹಂಗಿದ್ರ ಈಗ ತಿದ್ದೂಣು. ಆದ್ರ ಅವ್ವಾ, ಬಾವೀವೆಲ್ಲಾ ಈಗ ಗುಂಪಿನ ಜಾಗಾದಾಗ ಇಟ್ಟೇನಿ, ಎಲ್ಲಾರೂ ನೋಡೂ ಹಂಗ. ಅಲ್ಲಿ ಒಂದ್ ಪದ್ಧತಿ ಐತಿ. ಏನ್ ತಿದ್ದಿದ್ರೂ ಯಾರ ತಿದ್ದಿದ್ರು, ಯಾಕ ತಿದ್ದಿದ್ರು, ಬರೀಲೇಬೇಕು.”

“ಸುಮ್ನ ತಪ್ಪಾಗಿತ್ತು ಅಂತ ಬರಿ.”

“ಹೆಂಗ ತಪ್ಪಾಗಿತ್ತು ಅಂತ ಕೇಳ್ತಾರ.”

ಕಡೆಗೆ ನಾನು ಹೇಳಿದೆ, ಅವಳು ಒತ್ತಿದಳು: ‘ತಿದ್ದಿದವರು, ಮಾಸ್ತರರ ಹೆಂಡತಿ. ಕಾರಣ, ಆ ದಿನ ಗಂಡನ ಮೇಲಿನ ಸಿಟ್ಟಿಗೆ ನೀರು ಚೆಲ್ಲಿದ್ದೆ, ಬೇಳೆ ಹಾಕಿರಲಿಲ್ಲ.’ ಒತ್ತಿಯಾದ ಮೇಲೆ, ಇದನ್ನು ಅಳಿಸಬಹುದೇ ಎಂದು ಕೇಳಿದೆ. ಸಾಲನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು, ತಿದ್ದಿದ ಕಾರಣ ಮಾತ್ರ ಉಳಿದೇ ಉಳಿಯುತ್ತದೆ ಎಂದಳು. ಆ ಪರದೇಶದವನೂ ಅದನ್ನು ನೋಡುತ್ತಾನೆ. ನೋಡಲಿ, ಅವನಿಗೆ ಕನ್ನಡ ಬರುವುದಿಲ್ಲ ಎಂದುಕೊಂಡೆ. ಎರಡು ದಿನಕ್ಕೆ ಅವನು, ಈ ಕಾರಣದ ಅರ್ಥವೇನು ಎಂದು ಕೇಳಿದನಂತೆ. ಮಗಳು ತಿಳಿಸಿ ಹೇಳಿದಳಂತೆ.

ಆದರೆ ಅದು ಎರಡು ದಿನದ ನಂತರದ ಮಾತು. ಆ ದಿನ ನನ್ನ ಗಂಡ ಕುರ್ಚಿ ಮುಂದಕ್ಕೆ ಎಳೆದುಕೊಂಡು, “ಆ ಕಾರಣದ ಸಾಲು ದೊಡ್ಡದ ಮಾಡು. ನಾ ಓದ್ತೇನಿ” ಎಂದರು. ಮಗಳು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಎಂದರು. ಪರದೆಯ ತುಂಬ ಒಂದೇ ಅಕ್ಷರ ನಿಲ್ಲುವಷ್ಟು ಮಾಡಿದಳು. ಅವರು ಮುಖವನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಆಡಿಸಿದರು. ಆ ಪುಟ್ಟ ದುಂಡು ಆಕಾಶದಲ್ಲಿ ಅಕ್ಷರ ಹುಡುಕುತ್ತಿದ್ದರು. ಮೊಮ್ಮಗಳು ಅವರ ಮೊಣಕಾಲು ಹಿಡಿದು ನಿಲ್ಲಲು ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಹಿಂದಕ್ಕೆ ಒರಗಿದರು.

“ಕಾಣವಲ್ದು” ಎಂದರು. “ನೀನ ಓದು.”

ನಾನು ಓದಿದೆ. ಒಂದೊಂದೇ ಅಕ್ಷರ ಕೂಡಿಸಿ, ನೀರು ಚೆಲ್ಲಿದ್ದೆ ಎಂಬಲ್ಲಿಗೆ ಬಂದಾಗ ದನಿ ಸಣ್ಣದಾಯಿತು. ಅವರು, ಕೇಳಿಸಲಿಲ್ಲ, ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದೆ.

“ಹೂಂ” ಎಂದರು.